ಯಾರದೋ ಕೈದಾಟಿ ಬಂದ ತೋಟಾ: ಪರೀಕ್ಷಿಸುವುದು, ತಿರಸ್ಕರಿಸುವುದು, ಒಪ್ಪಿಸುವುದು

ಮಲೆನಾಡು ಮತ್ತು ಕೊಡಗಿನ ಹಳೆಯ ಮನೆಗಳಲ್ಲಿ ಕೋವಿಯ ಜೊತೆಗೆ ತೋಟಾದ ಒಂದು ಡಬ್ಬಿಯೂ ತಲೆಮಾರು ದಾಟಿ ಬಂದಿರುತ್ತದೆ. ಅದರಲ್ಲಿ ಅಜ್ಜನ ಕಾಲದ ಕಾಗದದ ತೋಟಾ ನಾಲ್ಕು, ನೆಂಟರು ಕೊಟ್ಟದ್ದು ಹತ್ತು, ಯಾರೋ ಕಡಿಮೆ ದುಡ್ಡಿಗೆ ಮಾರಿಹೋದದ್ದು ಇಷ್ಟು ಎಂದು ಎಲ್ಲವೂ ಬೆರೆತಿರುತ್ತವೆ. ತೋಟಾ ದುಬಾರಿ, ಪೇಟೆಯ ಅಂಗಡಿ ದೂರ. ಹಾಗಾಗಿ ಇದ್ದದ್ದನ್ನೇ ಬಳಸಿಬಿಡೋಣ ಅನ್ನಿಸುವುದು ಸಹಜ. ಅಂಥ ತೋಟಾವನ್ನು ಕೋವಿಗೆ ತುಂಬುವ ಮೊದಲು ಏನೇನು ನೋಡಬೇಕು, ಯಾವುದನ್ನು ನೋಡಿಯೂ ತಿಳಿಯಲು ಸಾಧ್ಯವಿಲ್ಲ, ಬೇಡವಾದದ್ದನ್ನು ಎಲ್ಲಿಗೆ ಒಪ್ಪಿಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಕೊಟ್ಟಿದೆ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ಹೊರಗಿನಿಂದ ನೋಡಿ ಒಂದು ತೋಟಾ ಕೆಟ್ಟಿದೆ ಎಂದು ಹೇಳಬಹುದು, ಚೆನ್ನಾಗಿದೆ ಎಂದು ಹೇಳಲಾಗದು. ಮದ್ದು ಎಷ್ಟಿದೆ, ಯಾವುದು, ಯಾವ ಸ್ಥಿತಿಯಲ್ಲಿದೆ ಎಂಬುದು ಮುಚ್ಚಿದ ಕೇಸಿನೊಳಗಿನ, ಅಂದರೆ ತೋಟಾದ ಹೊರಕವಚದೊಳಗಿನ ವಿಷಯ. ಆದ್ದರಿಂದ ಮುಂದೆ ಬರುವ ಪ್ರತಿ ಪರೀಕ್ಷೆಯೂ ಬೇರ್ಪಡಿಸಿ ಪಕ್ಕಕ್ಕಿಡಲು ಇದೆ. ಎಲ್ಲದರಲ್ಲೂ ಪಾಸಾದ ತೋಟಾವೂ ಮೂಲ ತಿಳಿಯದಿದ್ದರೆ ಸಂಶಯದ್ದೇ.

1. ಮೊದಲು ಕಾಗದಪತ್ರ

ಭಾರತದಲ್ಲಿ ಈ ಪ್ರಶ್ನೆಯ ಅರ್ಧ ಭಾಗವನ್ನು ಕಾನೂನೇ ತೀರಿಸಿಬಿಡುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮಿನ ಪ್ರಕಾರ ಕೋವಿಗೆ ಹೇಗೋ ಹಾಗೆಯೇ ತೋಟಾಕ್ಕೂ ಲೈಸೆನ್ಸ್ ಬೇಕು. ಮಾರುವವರಿಗೆ 5ನೇ ಕಲಮಿನ ಕೆಳಗೆ ಬೇರೆಯೇ ಲೈಸೆನ್ಸ್ ಬೇಕು. ಸ್ವಂತ ಬಳಕೆಗೆ ಇಟ್ಟುಕೊಂಡ ತೋಟಾವನ್ನು ಒಬ್ಬ ಲೈಸೆನ್ಸುದಾರ ಇನ್ನೊಬ್ಬ ಅರ್ಹ ವ್ಯಕ್ತಿಗೆ ಕೊಡಲು ಅದೇ ಕಲಮಿನಲ್ಲಿ ದಾರಿಯಿದೆ. ಆದರೆ ಅದಕ್ಕೆ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಸಂತೆಯಲ್ಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ, ತೋಟದ ಕೆಲಸದವರ ಮೂಲಕ ಸಿಗುವ ತೋಟಾಕ್ಕೆ ಈ ಹಿನ್ನೆಲೆ ಇರುವುದಿಲ್ಲ. ಅದನ್ನು ಕೊಳ್ಳುವುದು ಬೇಡ. ಬೆಲೆ ಕೇಳುವ ಅಗತ್ಯವೂ ಇಲ್ಲ.

ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕಾಯ್ದೆಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಲಾಗಿದೆ. ಆ ವಿನಾಯಿತಿ ಇರುವುದು ಕೋವಿ ಹೊಂದುವವರಿಗೆ. ಗುರುತಿಲ್ಲದ ವ್ಯಕ್ತಿ ತೋಟಾ ಮಾರುವುದನ್ನು ಅದು ಸಕ್ರಮ ಮಾಡುವುದಿಲ್ಲ.

ಸರಿಯಾದ ಖರೀದಿ ಎಂದರೆ ಹೀಗಿರುತ್ತದೆ: ಲೈಸೆನ್ಸ್ ಇರುವ ಅಂಗಡಿ, ಕಾರ್ಖಾನೆಯ ಸೀಲು ಒಡೆಯದ ಪೆಟ್ಟಿಗೆ, ಅದರ ಮೇಲೆ ಲಾಟ್ ಸಂಖ್ಯೆ, ನಿಮ್ಮ ಹೆಸರಿಗೆ ಬಿಲ್ಲು, ಲೈಸೆನ್ಸ್ ಪುಸ್ತಕದಲ್ಲಿ ಖರೀದಿಯ ನಮೂದು. ಲಾಟ್ ಸಂಖ್ಯೆಯನ್ನು ಹಲವರು ಗಮನಿಸುವುದೇ ಇಲ್ಲ. ಒಂದು ತೋಟಾ ಕೈಕೊಟ್ಟರೆ ಜೊತೆಯ ಉಳಿದವುಗಳನ್ನು ಗುರುತಿಸಿ ನಿಲ್ಲಿಸಲು ಅದೊಂದೇ ಆಧಾರ. ಆದ್ದರಿಂದ ಪೆಟ್ಟಿಗೆಯನ್ನು ಎಸೆಯಬೇಡಿ, ತೋಟಾಗಳನ್ನು ಬೇರೆ ಡಬ್ಬಿಗೆ ಸುರಿಯಬೇಡಿ.

2. ಯಾವ ತೋಟಾ ಎಂದು ಗುರುತಿಸುವುದು

ಮನೆಯಲ್ಲಿ ಈಗಾಗಲೇ ಇರುವ ಡಬ್ಬಿಯನ್ನು ವಿಂಗಡಿಸಬೇಕಾದವರಿಗೆ ಇಲ್ಲಿಂದ ಕೆಲಸ ಶುರು. ಕೋವಿಯನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ಮಕ್ಕಳು, ಒಲೆ, ಬೀಡಿ ಸಿಗರೇಟು ಯಾವುದೂ ಹತ್ತಿರ ಇರಬಾರದು. ಹಗಲು ಬೆಳಕಿನಲ್ಲಿ ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ ಒಂದೊಂದಾಗಿ ತೆಗೆದು ಇಡಿ. ಒಂದು ಭೂತಗನ್ನಡಿ ಇದ್ದರೆ ಸಾಕು. ಸುತ್ತಿಗೆ, ಇಕ್ಕುಳ, ಚಾಕು ಯಾವುದೂ ಬೇಡ.

ಬುಡದ ಮುದ್ರೆಯನ್ನು ಓದಿ. ಬೋರ್ ಎಂದರೆ ನಳಿಗೆಯ ಒಳಗಿನ ಅಗಲದ ಅಳತೆ, ಅಂಕೆ ದೊಡ್ಡದಾದಷ್ಟೂ ನಳಿಗೆ ಕಿರಿದು. 12 ಬೋರಿನ ತೋಟಾದಲ್ಲಿ 12 ಎಂಬ ಅಂಕೆಯೂ ತಯಾರಕರ ಹೆಸರೂ ಇರುತ್ತವೆ. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಪುಣೆಯ ಖಡ್ಕಿಯ ಕಾರ್ಖಾನೆಯ ಶಕ್ತಿಮಾನ್. ಹಳೆಯ ಮನೆಗಳಲ್ಲಿ ಇಂಗ್ಲೆಂಡಿನ ಈಲಿ, ಕೈನಾಕ್ ಕಾಗದದ ತೋಟಾಗಳೂ ಸಿಗುತ್ತವೆ. ಮುದ್ರೆ ಅಳಿಸಿದ್ದರೆ, ಉಜ್ಜಿದ್ದರೆ, ಅಥವಾ ಪೆಟ್ಟಿಗೆಯ ಹೆಸರು ಒಂದು ಬುಡದ ಹೆಸರು ಇನ್ನೊಂದು ಆಗಿದ್ದರೆ ಆ ಇಡೀ ಪೆಟ್ಟಿಗೆ ತಿರಸ್ಕಾರದ ಗುಂಪಿಗೆ.

ಸೇನೆಯ ತೋಟಾ ಸಿಕ್ಕರೆ ವಿಂಗಡಣೆಯನ್ನು ಅಲ್ಲಿಗೇ ನಿಲ್ಲಿಸಿ. ತುದಿಗೆ ಕೆಂಪು, ಕಪ್ಪು ಅಥವಾ ಬೇರೆ ಬಣ್ಣ ಬಳಿದ ಗುಂಡು, 7.62 ಅಥವಾ 5.56 ಮಿ.ಮೀ. ರೈಫಲ್ಲಿನದು, ಯಾವುದೋ ಕಾಲದ ಶೆಲ್ಲು, ಗ್ರೆನೇಡಿನ ಭಾಗದಂತೆ ಕಾಣುವುದು ಯಾವುದೇ ಇರಲಿ, ಅಲುಗಾಡಿಸದೆ ಬಿಟ್ಟು 112ಕ್ಕೆ ಫೋನ್ ಮಾಡಿ. ನಿಷೇಧಿತ ತೋಟಾ ಹೊಂದಿರುವುದಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷದ ಶಿಕ್ಷೆ ಇದೆ. ನಿವೃತ್ತ ಸೈನಿಕರು ನೆನಪಿಗೆಂದು ತಂದಿಟ್ಟದ್ದು ಎಂಬ ವಿವರಣೆ ಕಾನೂನಿನ ಮುಂದೆ ನಿಲ್ಲುವುದಿಲ್ಲ.

3. ಕೋವಿಗೂ ತೋಟಾಕ್ಕೂ ಹೊಂದುತ್ತದೆಯೇ

ಕೆಟ್ಟ ತೋಟಾದಷ್ಟೇ ಅಪಾಯ ಒಳ್ಳೆಯ ತೋಟಾ ತಪ್ಪು ಕೋವಿಗೆ ಹೋದಾಗಲೂ ಇದೆ. ಕೈದಾಟಿ ಬಂದ ಡಬ್ಬಿಗಳಲ್ಲಿ ಬೆರಕೆ ಸಾಮಾನ್ಯವಾದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಿ.

*12ರಲ್ಲಿ 20.* 20 ಬೋರಿನ ತೋಟಾದ ಬುಡದ ಅಂಚು ಸುಮಾರು 19.4 ಮಿ.ಮೀ. 12 ಬೋರಿನ ಛೇಂಬರ್ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ) 20 ಮಿ.ಮೀ.ಗಿಂತ ಅಗಲ, ಅದರ ಮುಂದೆ ನಳಿಗೆ ಕಿರಿದಾಗುತ್ತ 18.5ಕ್ಕೆ ಇಳಿಯುತ್ತದೆ. ಹೀಗಾಗಿ 20ರ ತೋಟಾವನ್ನು 12ರ ಕೋವಿಗೆ ಹಾಕಿದರೆ ಅದು ಜಾರಿ ಮುಂದೆ ಹೋಗಿ ಛೇಂಬರಿನ ಕೊನೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಕೋವಿ ಖಾಲಿ. ತೋಟಾ ಹಾಕಲು ಮರೆತೆ ಎಂದುಕೊಂಡು 12ರದ್ದನ್ನು ತುಂಬಿ ಹಾರಿಸಿದರೆ ಮುಂದಿನ ತೋಟಾ ನಳಿಗೆಯೊಳಗೇ ಸಿಡಿಯುತ್ತದೆ. ನಳಿಗೆ ಒಡೆಯುವ ಜಾಗದಲ್ಲೇ ಎಡಗೈ ಇರುತ್ತದೆ. ಮನೆಯಲ್ಲಿ 12ರ ಕೋವಿ ಇದ್ದರೆ 20ರ ಒಂದು ತೋಟಾವೂ ಅದೇ ಡಬ್ಬಿಯಲ್ಲಿ, ಅದೇ ಪಟ್ಟಿಯಲ್ಲಿ, ಅದೇ ಜೇಬಿನಲ್ಲಿ ಇರಕೂಡದು.

*ಉದ್ದ.* 12 ಬೋರಿನ ತೋಟಾ 65 ಮಿ.ಮೀ. (2½ ಇಂಚು), 70 ಮಿ.ಮೀ. (2¾ ಇಂಚು), 76 ಮಿ.ಮೀ. (3 ಇಂಚು) ಅಳತೆಗಳಲ್ಲಿ ಬರುತ್ತದೆ. ಈ ಅಳತೆ ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ಕೇಸಿನದು, ತುಂಬಿದ ತೋಟಾದ್ದಲ್ಲ. ಬಾಯಿಯನ್ನು ನಕ್ಷತ್ರದಂತೆ ಮಡಿಸಿದ 70ರ ತೋಟಾ ಹಾರಿಸುವ ಮುಂಚೆ 60 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಹೀಗಾಗಿ 65ರ ಛೇಂಬರಿಗೆ ಅದು ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚುತ್ತದೆ, ಯಾವ ಸೂಚನೆಯೂ ಸಿಗುವುದಿಲ್ಲ. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ನಳಿಗೆಯ ಕಿರಿದಾಗುವ ಭಾಗಕ್ಕೆ ನುಗ್ಗುತ್ತದೆ, ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಹೋಗುವ ದಾರಿ ಇಕ್ಕಟ್ಟಾಗುತ್ತದೆ, ಒತ್ತಡ ಏರುತ್ತದೆ. ಹಳೆಯ ಇಂಗ್ಲಿಷ್ ಜೋಡುನಳಿಗೆ ಕೋವಿಗಳಲ್ಲಿ ಬಹುಪಾಲು 65ರವು. ನಳಿಗೆಯನ್ನು ಕಳಚಿ ಅಡಿಭಾಗದ ಚಪ್ಪಟೆ ಜಾಗವನ್ನು ನೋಡಿ. ಅಲ್ಲಿ ಛೇಂಬರಿನ ಉದ್ದವೂ ಪರೀಕ್ಷಾ ಮುದ್ರೆಗಳೂ ಇರುತ್ತವೆ. ಓದಲು ಬಾರದಿದ್ದರೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಅಳೆದು ಹೇಳಲಿ. ‘ಹೋಗಿ ಕೂರುತ್ತದೆ’ ಎಂಬುದು ಪರೀಕ್ಷೆಯಲ್ಲ.

*ಹಳೆಯ ನಳಿಗೆ.* ನಳಿಗೆಯ ಮೈಯಲ್ಲಿ ಸುರುಳಿ ಸುರುಳಿ ಬಳ್ಳಿಯಂಥ ನಮೂನೆ ಕಂಡರೆ ಅದು ಡಮಾಸ್ಕಸ್ ಅಥವಾ ತಿರುಚಿದ ಕಬ್ಬಿಣದ ನಳಿಗೆ. ಬಹಳಷ್ಟು ಅಂಥ ಕೋವಿಗಳು ಕರಿಮದ್ದಿಗೆ ಮಾತ್ರ ಪರೀಕ್ಷೆಯಾದವು. ಇಂದಿನ ಹೊಗೆಯಿಲ್ಲದ ಮದ್ದಿನ ತೋಟಾ ಅವಕ್ಕೆ ಬೇಡ. ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಬೆಸುಗೆಯ ಪದರಗಳ ನಡುವೆ ಒಳಗೊಳಗೇ ತುಕ್ಕು ಹಿಡಿದಿರಬಹುದು. ಅಂಥ ಕೋವಿಯನ್ನು ಕೈಲ್‌ಪೊಳ್ದಿನ (ಕೊಡವರ ಆಯುಧಪೂಜೆಯ) ದಿನ ಪೂಜೆಗೆ ಇಡಿ, ಈಡಿಗೆ ಬೇರೆಯದು ಬಳಸಿ.

*.32 ಎಂಬ ಎರಡು ತೋಟಾ.* ಆರ್ಡ್‌ನೆನ್ಸ್ ಕಾರ್ಖಾನೆಯ .32 ರಿವಾಲ್ವರ್ ಮತ್ತು .32 ಪಿಸ್ತೂಲ್ ಎರಡನ್ನೂ ಜನ ‘ಥರ್ಟಿಟೂ’ ಅನ್ನುತ್ತಾರೆ. ತೋಟಾಗಳು ಬೇರೆ. ರಿವಾಲ್ವರಿನದು ಉದ್ದವಾಗಿ, ಬುಡದಲ್ಲಿ ಅಗಲ ಅಂಚಿನೊಂದಿಗೆ ಇರುತ್ತದೆ. ಪಿಸ್ತೂಲಿನದು ಗಿಡ್ಡ, ಅಂಚು ತೀರಾ ಕಿರಿದು. ಪಿಸ್ತೂಲಿನ ತೋಟಾ ಕೆಲವು ರಿವಾಲ್ವರುಗಳ ಸಿಲಿಂಡರಿನಲ್ಲಿ ಕೂತೂ ಬಿಡುತ್ತದೆ. ಆದರೆ ಅಮೆರಿಕದ ಮಾನಕದಂತೆ ಪಿಸ್ತೂಲಿನ ತೋಟಾಕ್ಕೆ ಗರಿಷ್ಠ ಒತ್ತಡ ಚದರ ಇಂಚಿಗೆ 20,500 ಪೌಂಡ್, ರಿವಾಲ್ವರಿನದಕ್ಕೆ 15,000. ಹಳೆಯ ರಿವಾಲ್ವರಿನ ಸಿಲಿಂಡರ್ ಆ ವ್ಯತ್ಯಾಸವನ್ನು ತಾಳಿಕೊಳ್ಳಬೇಕೆಂದಿಲ್ಲ. ಬಿಡಿಯಾಗಿ ಸಿಕ್ಕ .32 ತೋಟಾವನ್ನು ಹೆಸರು ಕೇಳಿ ಒಪ್ಪಬೇಡಿ, ಬುಡದ ಮುದ್ರೆ ಓದಿ.

4. ಮೈ ಪರೀಕ್ಷೆ

ಈಗ ಒಂದೊಂದನ್ನೇ ಬುಡದಿಂದ ಬಾಯಿಯವರೆಗೆ ನೋಡಿ.

ಕೇಪು (ಬುಡದ ನಡುವೆ ಕೂತು, ಪೆಟ್ಟು ಬಿದ್ದೊಡನೆ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು): ಬುಡದ ಸಮಕ್ಕೆ ಅಥವಾ ಕೂದಲೆಳೆಯಷ್ಟು ಒಳಗೆ ಇರಬೇಕು. ಹೊರಗೆ ಉಬ್ಬಿದ್ದರೆ ಕೋವಿಯನ್ನು ಮುಚ್ಚುವಾಗಲೇ ಸಿಡಿಯಬಹುದು. ಮಧ್ಯದಲ್ಲಿ ಚಿಕ್ಕ ಕುಳಿ ಇದ್ದರೆ ಯಾರೋ ಒಮ್ಮೆ ಕುದುರೆ (ಕೇಪಿಗೆ ಬಡಿಯುವ ಕೋವಿಯ ಭಾಗ) ಬೀಳಿಸಿ ನೋಡಿದ್ದಾರೆ, ಅದು ಹಾರಿಲ್ಲ. ಇಂಥವನ್ನು ಮಾರುವವರು ಒಳ್ಳೆಯದರ ನಡುವೆ ಸೇರಿಸುವುದುಂಟು. ಎರಡನೇ ಸಲ ಪ್ರಯತ್ನಿಸಬೇಡಿ. ಕೇಪಿನ ಸುತ್ತ ಹಸಿರು ಕಿಲುಬು ಕೂತಿದ್ದರೆ ತೇವ ಒಳಗೆ ಇಳಿದಿದೆ ಎಂದೇ ಲೆಕ್ಕ.

ಹಿತ್ತಾಳೆ: ಬಣ್ಣ ಮಾಸುವುದರಿಂದ ತೊಂದರೆಯಿಲ್ಲ. ಉಗುರಿಗೆ ಸಿಗುವ ಕುಳಿ, ಹಸಿರು ಪುಡಿ, ಉದ್ದಕ್ಕೆ ಕೂದಲಿನಂಥ ಬಿರುಕು ಇದ್ದರೆ ತಿರಸ್ಕರಿಸಿ. ರೈಫಲ್ ತೋಟಾದಲ್ಲಿ ಕತ್ತಿನ ಭಾಗವನ್ನು ವಿಶೇಷವಾಗಿ ನೋಡಿ.

ಈ ಬಿರುಕಿಗೆ ನಮ್ಮದೇ ನೆಲದ ಇತಿಹಾಸವಿದೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನಾ ಠಾಣ್ಯಗಳಲ್ಲಿ ಮಳೆಗಾಲದುದ್ದಕ್ಕೂ ಕುದುರೆಲಾಯಗಳಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ತಾವಾಗಿಯೇ ಸೀಳುತ್ತಿದ್ದವು. ಕುದುರೆ ಗಂಜಳದಿಂದ ಏಳುವ ಅಮೋನಿಯಾ, ಗಾಳಿಯ ತೇವ, ತಯಾರಿಕೆಯ ವೇಳೆ ಹಿತ್ತಾಳೆಯೊಳಗೆ ಉಳಿದ ಬಿಗುವು, ಈ ಮೂರೂ ಕೂಡಿದಾಗ ಲೋಹ ಬಿರುಕು ಬಿಡುತ್ತದೆ ಎಂದು 1921ರಲ್ಲಿ ವಿವರಣೆ ಸಿಕ್ಕಿತು. ಮಲೆನಾಡಿನ ಮನೆಗೆ ಇದನ್ನು ಹೊಂದಿಸಿ ನೋಡಿ. ಕೊಟ್ಟಿಗೆಯ ಪಕ್ಕದ ಕೋಣೆ, ಯೂರಿಯಾ ಚೀಲ ಇಟ್ಟ ಉಗ್ರಾಣ, ಮೂರು ತಿಂಗಳ ಎಡೆಬಿಡದ ಮಳೆ. ಮಾರಿದವರು ತೋಟಾವನ್ನು ಎಲ್ಲಿಟ್ಟಿದ್ದರು ಎಂಬುದು ನಿಮಗೆ ಗೊತ್ತಿರುವುದಿಲ್ಲ, ಬಿರುಕು ಕೆಲವೊಮ್ಮೆ ಕಣ್ಣಿಗೆ ಬೀಳುವುದೂ ಇಲ್ಲ.

ಇದೇ ಕಾರಣಕ್ಕೆ ಅಮೋನಿಯಾ ಇರುವ ಹಿತ್ತಾಳೆ ಪಾಲಿಷ್ ಹಾಕಿ ತೋಟಾ ಬೆಳಗಬಾರದು. ಹುಣಸೆಹಣ್ಣಿನ ನೀರೂ ಬೇಡ, ಕಿಲುಬು ಹೋದರೂ ನೀರು ಕೇಪಿನ ಸಂದಿಗೆ ಇಳಿಯುತ್ತದೆ. ಎಣ್ಣೆ ಸವರಿದರೆ ಅದೂ ಸಂದಿಯಲ್ಲಿ ಇಳಿದು ಕೇಪನ್ನು ಅರೆಬರೆ ಕೊಲ್ಲುತ್ತದೆ. ಮಾರಲು ತಂದ ಹಳೆಯ ತೋಟಾ ಫಳಫಳ ಹೊಳೆಯುತ್ತಿದ್ದರೆ ಸಂತೋಷಪಡಬೇಡಿ. ಯಾರೋ ಕುರುಹುಗಳನ್ನು ಉಜ್ಜಿ ಅಳಿಸಿದ್ದಾರೆ.

ತೋಟಾಪಟ್ಟಿ: ಚರ್ಮದ ಪಟ್ಟಿಯಲ್ಲೇ ವರ್ಷಗಟ್ಟಲೆ ಉಳಿದ ತೋಟಾಕ್ಕೆ ಚರ್ಮ ತಾಗಿದ ಜಾಗದಲ್ಲಿ ಹಸಿರು ಉಂಗುರ ಬಿದ್ದಿರುತ್ತದೆ. ಚರ್ಮ ಹದಮಾಡಲು ಬಳಸಿದ ದ್ರವ್ಯಗಳು ಹಿತ್ತಾಳೆಯನ್ನು ತಿನ್ನುತ್ತವೆ. ಕೆಳಗೆ ಕುಳಿ ಬಿದ್ದಿದ್ದರೆ ಅದೂ ತಿರಸ್ಕಾರದ ಗುಂಪಿಗೆ.

ಕಾಗದದ ತೋಟಾ: ತೇವ ಹೀರಿ ಉಬ್ಬಿದೆಯೇ, ಪದರ ಬಿಟ್ಟಿದೆಯೇ, ಬಾಯಿ ಸಡಿಲವಾಗಿದೆಯೇ ನೋಡಿ. ಉಬ್ಬಿದ್ದನ್ನು ಬಿಸಿಲಿಗೋ ಒಲೆಯ ಪಕ್ಕಕ್ಕೋ ಇಟ್ಟು ಒಣಗಿಸಿದರೆ ಛೇಂಬರಿಗೆ ಹೋಗುವಷ್ಟು ಸಣ್ಣಗಾಗಬಹುದು, ಆದರೆ ಕಳೆದುಕೊಂಡ ಬಲ ಮರಳುವುದಿಲ್ಲ. ಬಿಸಿಯಂತೂ ಮದ್ದಿಗೆ ಶತ್ರು.

ವಾಸನೆ: ಹೊಗೆಯಿಲ್ಲದ ಮದ್ದು ನೈಟ್ರೋಸೆಲ್ಯುಲೋಸಿನದು. ಕಾಲ ಕಳೆದಂತೆ ಅದು ನಿಧಾನವಾಗಿ ಒಡೆಯುತ್ತ ಸಾರಜನಕದ ಆಮ್ಲೀಯ ಅನಿಲಗಳನ್ನು ಬಿಡುತ್ತದೆ. ಅವುಗಳನ್ನು ಹೀರಿಕೊಳ್ಳಲು ಸೇರಿಸಿದ ದ್ರವ್ಯ ಮುಗಿದ ಮೇಲೆ ಒಡೆತ ವೇಗ ಪಡೆಯುತ್ತದೆ, ಹಿತ್ತಾಳೆಯನ್ನು ಒಳಗಿನಿಂದ ತಿನ್ನುತ್ತದೆ. ಡಬ್ಬಿ ತೆರೆದಾಗ ಮೂಗಿಗೆ ಚುರುಗುಟ್ಟುವ ಹುಳಿ ಘಾಟು ಬಂದರೆ, ಕಂದುಗೆಂಪು ಪುಡಿ ಕಂಡರೆ, ಇಡೀ ಡಬ್ಬಿಯನ್ನು ಹಾಗೆಯೇ ಮನೆಯ ಹೊರಗೆ ನೆರಳಿನ, ಬೀಗವಿರುವ ಜಾಗದಲ್ಲಿಟ್ಟು ಠಾಣೆಗೆ ತಿಳಿಸಿ.

5. ಮರುತುಂಬಿದ ತೋಟಾ

ಇದು ಎಲ್ಲಕ್ಕಿಂತ ಕೆಟ್ಟದ್ದು. ಹಾರಿಸಿದ ಕೇಸಿಗೆ ಹಳ್ಳಿಯಲ್ಲೇ ಯಾರೋ ಮತ್ತೆ ಮದ್ದು, ಚರೆ ತುಂಬಿ ಕೊಡುತ್ತಾರೆ. ಒಳಗಿರುವುದು ಪಟಾಕಿಯ ಮದ್ದೋ ಕರಿಮದ್ದೋ ಬೇರೆಯದೋ ಹೇಳುವವರಿಲ್ಲ. ಒಂದಕ್ಕೆ ಸರಿಯಾದ ಪ್ರಮಾಣ ಇನ್ನೊಂದಕ್ಕೆ ಕೋವಿ ಒಡೆಯುವ ಪ್ರಮಾಣ.

ಗುರುತು ಹಿಡಿಯುವುದು ಹೀಗೆ. ಬಾಯಿಯ ಮಡಿಕೆ ಒಂದೊಂದರಲ್ಲಿ ಒಂದೊಂದು ತರ. ಬಾಯಿಗೆ ಮೇಣ, ಅಂಟು ಅಥವಾ ಕತ್ತರಿಸಿದ ರಟ್ಟು. ಕೇಪಿನ ಅಂಚಿನಲ್ಲಿ ಉಪಕರಣದ ಗೀರು. ಪ್ಲಾಸ್ಟಿಕ್ಕಿನ ಬಾಯಿಯಲ್ಲಿ ಹಳೆಯ ಮಡಿಕೆಯ ಮೇಲೆ ಇನ್ನೊಂದು ಮಡಿಕೆ. ಬುಡದ ಅಂಚಿನಲ್ಲಿ ಕೋವಿಯ ಎಳೆಕೊಕ್ಕೆ ಕಚ್ಚಿದ ಗುರುತು. ಕೇಸಿನ ಮೇಲೆ ಪೆನ್ನಿನಲ್ಲಿ ಬರೆದ ಅಂಕೆ. ಒಂದೇ ಪೆಟ್ಟಿಗೆಯಲ್ಲಿ ನಾಲ್ಕು ತಯಾರಕರ ಬುಡಗಳು. ಇವುಗಳಲ್ಲಿ ಒಂದು ಕಂಡರೂ ಸಾಕು.

ತಕ್ಕಡಿಯಲ್ಲಿ ತೂಗಿ ಕಂಡುಹಿಡಿಯುತ್ತೇನೆ ಎನ್ನುವವರಿದ್ದಾರೆ. .32 ರಿವಾಲ್ವರ್ ತೋಟಾದ ಮದ್ದು ಹೆಚ್ಚೆಂದರೆ 0.2 ಗ್ರಾಂ ಆಸುಪಾಸು. ಕೇಸು ಮತ್ತು ಗುಂಡಿನ ತೂಕದಲ್ಲೇ ಅಷ್ಟು ಏರುಪೇರು ಇರಬಹುದು. ಮದ್ದೇ ಇಲ್ಲದ ತೋಟಾ, ಎರಡು ಪಾಲು ಬಿದ್ದ ತೋಟಾ, ಎರಡೂ ತಕ್ಕಡಿಯ ಕಣ್ಣು ತಪ್ಪಿಸುತ್ತವೆ. ಕುಲುಕಿ ಕೇಳುವುದರಿಂದಲೂ ಇದು ಗೊತ್ತಾಗುವುದಿಲ್ಲ. ಬಿಚ್ಚಿ ನೋಡುವ ಸಾಹಸವಂತೂ ಬೇಡವೇ ಬೇಡ. ಕೇಪು ಎಂದರೆ ಪೆಟ್ಟು ಬಿದ್ದರೆ, ಉಜ್ಜಿದರೆ ಸಿಡಿಯುವಂತೆಯೇ ಮಾಡಿದ ವಸ್ತು.

6. ಅಮೆರಿಕದಲ್ಲಿರುವ ಕನ್ನಡಿಗರಿಗೆ

ಅಲ್ಲಿ ಗನ್ ಶೋಗಳಲ್ಲಿ, ಮನೆ ಖಾಲಿಮಾಡುವ ಮಾರಾಟಗಳಲ್ಲಿ ಬಿಡಿ ತೋಟಾ ರಾಶಿಯಾಗಿ ಸಿಗುತ್ತದೆ. ಹವ್ಯಾಸಿಗಳು ತಾವೇ ತುಂಬಿದ್ದನ್ನು ಕಾರ್ಖಾನೆಯ ಖಾಲಿ ಪೆಟ್ಟಿಗೆಯಲ್ಲಿ ಜೋಡಿಸಿ ಇಟ್ಟಿರುತ್ತಾರೆ. ಅವರು ಎಷ್ಟೇ ಶಿಸ್ತಿನವರಾಗಿದ್ದರೂ ಆ ಪ್ರಮಾಣ ಅವರ ಬಂದೂಕಿಗೆ ಹೊಂದಿಸಿದ್ದು. ಬೇರೆಯವರು ತುಂಬಿದ ತೋಟಾ ಹಾರಿಸಬಾರದು ಎಂಬುದು ಅಲ್ಲಿನ ಅನುಭವಿಗಳೇ ಪಾಲಿಸುವ ನಿಯಮ. ಇನ್ನೊಂದು ಬೆರಕೆ .300 ಬ್ಲ್ಯಾಕ್‌ಔಟ್ ಮತ್ತು .223 ಎಂಬ ರೈಫಲ್ ತೋಟಾಗಳದು. ಎರಡೂ ಒಂದೇ ಮ್ಯಾಗಜೀನಿನಲ್ಲಿ ಕೂರುತ್ತವೆ. ಮೊದಲನೆಯದು .223ರ ರೈಫಲ್ಲಿಗೆ ಹೊಕ್ಕರೆ ದಪ್ಪ ಗುಂಡು ಸಣ್ಣ ನಳಿಗೆಯಲ್ಲಿ ಸಿಕ್ಕಿ ರೈಫಲ್ ಒಡೆಯುತ್ತದೆ.

ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿ ಇರುವವರು ಒಂದನ್ನು ತಿಳಿದಿರಬೇಕು. ಫೆಡರಲ್ ಕಾನೂನು ಅವರಿಗೆ ಬಂದೂಕಿನಂತೆಯೇ ತೋಟಾ ಹೊಂದುವುದನ್ನೂ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ಗೆಳೆಯರು ಉಡುಗೊರೆ ಕೊಟ್ಟ ಒಂದು ಪೆಟ್ಟಿಗೆ ವೀಸಾಕ್ಕೇ ಕುತ್ತು ತರಬಹುದು.

7. ಹಾರಿಸುವಾಗ ಕೈಕೊಟ್ಟರೆ

ಅಂಗಡಿಯಿಂದ ತಂದ ತೋಟಾವೂ ಒಮ್ಮೊಮ್ಮೆ ಕೈಕೊಡುತ್ತದೆ. ಆದ್ದರಿಂದ ಇದನ್ನು ಕೋವಿ ಹಿಡಿಯುವ ಎಲ್ಲರೂ ತಿಳಿದಿರಬೇಕು.

ಕುದುರೆ ಬಿದ್ದು ಸದ್ದಾಗದಿದ್ದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದುಕೊಂಡು ಕನಿಷ್ಠ 1 ನಿಮಿಷ ಕಾಯಿರಿ. ಹಳೆಯ, ತೇವ ಹಿಡಿದ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಗಾಬರಿಯಿಂದ ಕೂಡಲೇ ಕೋವಿ ತೆರೆದರೆ ತೋಟಾ ಮುಖದ ಎದುರೇ ಸಿಡಿಯುತ್ತದೆ. ನಿಮಿಷ ಕಳೆದ ಮೇಲೆ ಮುಖವನ್ನು ಬದಿಗಿಟ್ಟು ತೆರೆಯಿರಿ.

ಸದ್ದು ‘ಢಂ’ ಎನ್ನದೆ ‘ಪುಸ್’ ಎಂದರೆ, ಹೆಗಲಿಗೆ ಒದೆ ಬರದಿದ್ದರೆ, ಎರಡನೇ ಈಡು ಹಾರಿಸಬೇಡಿ. ಗುಂಡೋ, ಚರೆಯ ಹಿಂದಿನ ಬೆಂಡೋ ನಳಿಗೆಯ ನಡುವೆ ನಿಂತಿರಬಹುದು. ಕೋವಿಯನ್ನು ಪೂರ್ತಿ ಖಾಲಿಮಾಡಿ, ಹಿಂದಿನಿಂದ ಬೆಳಕಿನ ಕಡೆಗೆ ನಳಿಗೆ ನೋಡಿ. ಬೆಳಕಿನ ದುಂಡು ಪೂರ್ತಿ ಕಾಣಬೇಕು. ಕಾಣದಿದ್ದರೆ ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು, ಕೋವಿ ಗನ್‌ಸ್ಮಿತ್ ಹತ್ತಿರ ಹೋಗಲಿ. ಮುಂದಿನ ಈಡಿನಿಂದ ತಳ್ಳಿ ತೆಗೆಯುತ್ತೇನೆ ಎಂದು ಹೊರಟರೆ ನಳಿಗೆ ಸೀಳುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಯಾವಾಗಲೂ ಇರಲಿ.

ಹಳೆಯ ಸೇನಾ ತಯಾರಿಕೆಯ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವ ಉಪ್ಪು ಗಾಳಿಯ ತೇವ ಹೀರಿ ಒಂದೆರಡು ದಿನದಲ್ಲೇ ನಳಿಗೆಗೆ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಆ ಉಪ್ಪು ಕರಗುವುದಿಲ್ಲ. ಬಿಸಿನೀರು ಹಾಯಿಸಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು.

8. ಇಡುವ ಜಾಗ

ಮಳೆಗಾಲದಲ್ಲಿ ಬೆಚ್ಚಗಿರಲಿ ಎಂದು ಅಡುಗೆಮನೆಯ ಅಟ್ಟದ ಮೇಲೆ, ಒಲೆಯ ಹೊಗೆ ತಾಗುವಂತೆ ತೋಟಾ ಇಡುವ ರೂಢಿ ಇದೆ. ತೇವದಿಂದ ತಪ್ಪಿಸಿದರೂ ಬಿಸಿಯಿಂದ ಮದ್ದು ಬೇಗ ಹಾಳಾಗುತ್ತದೆ. ರಬ್ಬರ್ ಪಟ್ಟಿಯ ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಚೀಲ, ಮೂಲ ಪೆಟ್ಟಿಗೆಯಲ್ಲೇ ತೋಟಾ, ಕೊಟ್ಟಿಗೆ ಮತ್ತು ಗೊಬ್ಬರದಿಂದ ದೂರದ ತಂಪು ಕೋಣೆ, ಕೋವಿಯಿಂದ ಬೇರೆ ಬೀಗ. ಜೂನಿಗೆ ಮೊದಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಸಿಲಿಕಾ ಜೆಲ್ ಬದಲಿಸಿ.

9. ಬೇಡವಾದದ್ದನ್ನು ಒಪ್ಪಿಸುವುದು

ಬಾವಿಗೆ ಎಸೆಯುವುದು, ಹೂಳುವುದು, ಕಸದ ಜೊತೆ ಸುಡುವುದು, ಗುಜರಿಗೆ ಹಾಕುವುದು ಇವೆಲ್ಲವೂ ನಿಮ್ಮ ಅಪಾಯವನ್ನು ಬೇರೆಯವರ ಪಾಲಿಗೆ ದಾಟಿಸುವ ಕೆಲಸ. ಎಣ್ಣೆಯಲ್ಲಿ ನೆನೆಸಿದರೆ ತೋಟಾ ಸತ್ತೇಹೋಗುತ್ತದೆ ಎಂಬ ನಂಬಿಕೆ ಸರಿಯಲ್ಲ, ಕೆಲವು ಆಮೇಲೂ ಹಾರುತ್ತವೆ.

ಲೈಸೆನ್ಸುದಾರರು ತೀರಿಕೊಂಡಾಗ, ಅಥವಾ ಬೇರಾವುದೇ ಕಾರಣಕ್ಕೆ ತೋಟಾ ಹೊಂದುವ ಹಕ್ಕು ಮುಗಿದಾಗ, ಕಾಯ್ದೆಯ 21ನೇ ಕಲಮಿನಂತೆ ಕೋವಿ ಮತ್ತು ತೋಟಾ ಎರಡನ್ನೂ ಅನಗತ್ಯ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ, ಅಥವಾ ನಿಯಮಗಳಿಗೆ ಒಳಪಟ್ಟು ಲೈಸೆನ್ಸ್ ಇರುವ ವ್ಯಾಪಾರಿಯ ಬಳಿ ಇಡಬೇಕು. ಮನೆಮಂದಿ ಶೋಕದಲ್ಲಿರುವಾಗ ಇದು ಮರೆತುಹೋಗುತ್ತದೆ. ತಿಥಿಯೊಳಗೆ ಒಬ್ಬರಾದರೂ ಇದರ ಹೊಣೆ ಹೊರಲಿ.

ತೋಟಾ ಹಿಡಿದುಕೊಂಡು ಬಸ್ಸು ಹತ್ತಬೇಡಿ. ಮೊದಲು ಠಾಣೆಗೆ ಫೋನ್ ಮಾಡಿ, ಏನು ಸಿಕ್ಕಿದೆ, ಎಷ್ಟಿದೆ, ಎಲ್ಲಿದೆ ಹೇಳಿ, ತಾವೇ ಬರುತ್ತಾರೋ ತರಬೇಕೋ ಕೇಳಿ. ಒಂದು ಪತ್ರ ಬರೆದಿಡಿ: ಸಿಕ್ಕ ದಿನಾಂಕ, ಜಾಗ, ಹಿಂದಿನ ಲೈಸೆನ್ಸುದಾರರ ಹೆಸರು ಮತ್ತು ಲೈಸೆನ್ಸ್ ಸಂಖ್ಯೆ, ಬೋರ್ ಪ್ರಕಾರ ತೋಟಾಗಳ ಎಣಿಕೆ, ಬುಡದ ಮುದ್ರೆಗಳು. ಡಬ್ಬಿಯ ಫೋಟೋ ತೆಗೆದುಕೊಳ್ಳಿ. ಹಳೆಯ ಕೋಟು, ಬೇಟೆ ಚೀಲ, ಸೂಟ್‌ಕೇಸುಗಳ ಜೇಬುಗಳನ್ನೂ ಅವತ್ತೇ ತಡಕಿ ನೋಡಿ. ಅಪ್ಪನ ಹಳೆಯ ಚೀಲ ಹಿಡಿದು ವಿಮಾನ ನಿಲ್ದಾಣಕ್ಕೆ ಹೋದವರ ಸಾಮಾನಿನಲ್ಲಿ ಒಂದೇ ತೋಟಾ ಸಿಕ್ಕರೂ ಪ್ರಕರಣ ದಾಖಲಾಗಬಹುದು. ಒಪ್ಪಿಸಿದ ಮೇಲೆ ಎಣಿಕೆ ನಮೂದಿಸಿದ, ಠಾಣೆಯ ಮೊಹರು ಇರುವ ಸ್ವೀಕೃತಿ ಪಡೆದು ಲೈಸೆನ್ಸ್ ಪುಸ್ತಕದ ಜೊತೆ ಇಟ್ಟುಕೊಳ್ಳಿ.